ಲಿಫ್ಟಿನ ಎರಡನೇ ಉದ್ಘಾಟನೆ

ನವೆಂಬರ್ 4

ನಾಳೆ ಮತ ಎಣಿಕೆ. ಗೆಲುವು ನಮ್ಮದೇ. ವಿಜಯ ಭಾಷಣ ಬರೆದು, ಕನ್ನಡಿಯ ಮುಂದೆ ನಿಂತು ಓದಿಯೂ ಆಯಿತು. "ಸಾರ್, ಯಾವುದಕ್ಕೂ ಇರ್ಲಿ ಅಂತ ಇನ್ನೊಂದು ಭಾಷಣಾನೂ ರೆಡಿ ಮಾಡ್ಲಾ?" ಎಂದು ಆಪ್ತ ಕಾರ್ಯದರ್ಶಿ ಕೇಳಿದ. ಈ ಮನುಷ್ಯನನ್ನು ಬದಲಾಯಿಸಬೇಕು. ಹೊಸ ಅವಧಿಯ ಮೊದಲ ಕೆಲಸವೇ ಅದು.

ಈ ಸಲವೂ ಆರೋಗ್ಯ ಖಾತೆಯನ್ನೇ ಇಟ್ಟುಕೊಳ್ಳುವುದೋ, ಹಣಕಾಸು ಕೇಳುವುದೋ ಎಂಬುದೊಂದು ಇನ್ನೂ ಇತ್ಯರ್ಥವಾಗಿಲ್ಲ. ಧರ್ಮಪತ್ನಿಯ ಅಭಿಪ್ರಾಯ ಕೇಳಿದೆ. "ಸ್ಟೋರ್ ರೂಮಲ್ಲಿರೋ ರಟ್ಟಿನ ಡಬ್ಬಗಳು ಸರ್ಕಾರದ್ದೋ ನಮ್ದೋ?" ಎಂದು ಅವಳು ನನ್ನನ್ನೇ ಕೇಳಿದಳು. ಇಷ್ಟು ವರ್ಷ ವೇದಿಕೆಯ ಮೇಲೆ ಪಕ್ಕದಲ್ಲಿ ಕೂತರೂ ಅವಳಿಗೆ ರಾಜಕೀಯ ತಲೆಗೆ ಹತ್ತಲಿಲ್ಲ.

ನವೆಂಬರ್ 5

ಪಕ್ಷ ಸೋತಿತು, ಸರ್ಕಾರ ಹೋಯಿತು, ನಾನೂ ಸೋತೆ. ಅದೂ ಡ್ರೈವಿಂಗ್ ಸ್ಕೂಲು ನಡೆಸುವವನ ಎದುರು. ನಾವು ಮಾಡಿದ ಒಳ್ಳೆಯ ಕೆಲಸ ಜನರಿಗೆ ಅರ್ಥವಾಗಲಿಲ್ಲ. ಜನರ ಬಗ್ಗೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನವಿತ್ತು.

ಇನ್ನೊಂದು ಅನಾಹುತ. ಮೂರನೇ ಸುತ್ತಿನಲ್ಲಿ ನಾನಿನ್ನೂ ಮುಂದಿದ್ದಾಗಲೇ ಧರ್ಮಪತ್ನಿ ಸ್ಟೂಲು ಹತ್ತಿ ಬಂಗಲೆಯ ಹಾಲಿನ ಪರದೆ ಬಿಚ್ಚುತ್ತಿದ್ದಳಂತೆ. "ಪರದೆ ನಮ್ದು, ಕಂಬಿ ಸರ್ಕಾರದ್ದು" ಎಂದು ಆಮೇಲೆ ವಿವರಣೆ ಬೇರೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಪಕ್ಷದ ಮೇಲೆ ನಂಬಿಕೆ ಇಲ್ಲದಿದ್ದರೆ ಹೀಗೇ ಆಗುವುದು.

"ಯಾವ ಆಸ್ಪತ್ರೆ ಸಾರ್?" ಎಂದ ಆಂಬುಲೆನ್ಸಿನವನು. ಗಾಜಿನ ಕಟ್ಟಡದ ಆ ಖಾಸಗಿ ಆಸ್ಪತ್ರೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಮಲಗಿದ್ದವಳೇ ಬಾಯಿ ಹಾಕಿದಳು. "ಸರ್ಕಾರಿ ದೊಡ್ಡಾಸ್ಪತ್ರೆಗೆ ನಡೀಪ್ಪ. 'ನನ್ನ ಮನೆಯವರಿಗೂ ಅಲ್ಲೇ ಚಿಕಿತ್ಸೆ' ಅಂತ ಇವರು ಎಲ್ಲಾ ಭಾಷಣದಲ್ಲೂ ಹೇಳಿದಾರೆ." ಗೇಟಿನಾಚೆ ಟೀವಿಯವರು ಕ್ಯಾಮೆರಾ ಹಿಡಿದು ನಿಂತಿದ್ದರು. ನಾನೂ ಆಂಬುಲೆನ್ಸ್ ಹತ್ತಿದೆ.

ಹೊರಡುವಾಗ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದ್ದೆ. "ಸ್ಪೆಷಲ್ ರೂಮ್ ರೆಡಿ ಸಾರ್, ಹೂಗುಚ್ಛಾನೂ ಇಡಿಸ್ತೀನಿ" ಎಂದಿದ್ದರು. ದಾರಿಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡೆವು. ಅಷ್ಟು ಹೊತ್ತಿಗೆ ಉಳಿದ ಸುತ್ತುಗಳೂ ಮುಗಿದವು. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಸ್ಪೆಷಲ್ ರೂಮಿಗೆ ಬಣ್ಣ ಬಳಿಯುತ್ತಿದ್ದಾರೆ ಎಂಬ ಸಮಾಚಾರ ಬಂತು. ಸೂಪರಿಂಟೆಂಡೆಂಟರು ಬರಲಿಲ್ಲ.

ದಾಖಲು ಮಾಡುವ ಕೌಂಟರಿನಲ್ಲಿ ರೋಗಿಯ ವಯಸ್ಸು ಕೇಳಿದರು. ಐವತ್ತೆರಡು ಎಂದೆ. "ಐವತ್ತೆಂಟು" ಎಂದು ಸ್ಟ್ರೆಚರಿನ ಮೇಲಿಂದ ತಿದ್ದುಪಡಿ ಬಂತು.

ನವೆಂಬರ್ 6

ಮೂಳೆ ವಿಭಾಗದ ಹೆಂಗಸರ ವಾರ್ಡು ಮೂರನೇ ಮಹಡಿಯಲ್ಲಿದೆ. ಮೂರನೇ ಮಹಡಿಯಲ್ಲಿ ಯಾಕೆ ಎಂದು ಒಬ್ಬ ನರ್ಸನ್ನು ಕೇಳಿದೆ. "ಲಿಫ್ಟ್ ಬರುತ್ತೆ ಅಂತ ಶಿಫ್ಟ್ ಮಾಡಿದ್ರು" ಎಂದಳು.

ಲಿಫ್ಟೇನೋ ಬಂದಿದೆ. ಕಳೆದ ವರ್ಷ ನಾನೇ ಉದ್ಘಾಟಿಸಿದ್ದು. ಪಕ್ಕದ ಗೋಡೆಯಲ್ಲಿ ಕಪ್ಪು ಕಲ್ಲು ಇದೆ, ಅದರಲ್ಲಿ ಬಂಗಾರದ ಬಣ್ಣದಲ್ಲಿ ನನ್ನ ಹೆಸರು. ಆ ದಿನ ನಾನು ಹತ್ತಿ, ಕ್ಯಾಮೆರಾಗೆ ಕೈ ಬೀಸಿ, ಇಳಿದೆ. ಅದೇ ಸಂಜೆ ನಿಂತುಹೋಯಿತಂತೆ. ಈಗ ಅದರೊಳಗೆ ನೆಲ ಒರೆಸುವ ಕೋಲು, ಬಕೆಟ್ಟು ಇಡುತ್ತಾರೆ. ನಾನು ಉದ್ಘಾಟಿಸಿದಾಗ ಚೆನ್ನಾಗಿಯೇ ಇತ್ತು. ಆಮೇಲಿನದಕ್ಕೆ ನಾನು ಹೊಣೆಯಲ್ಲ.

ನಾಲ್ಕು ಜನ ಸ್ಟ್ರೆಚರನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋದರು. ನಾನು ಪ್ಲಾಸ್ಟಿಕ್ ಚೀಲ ಹಿಡಿದು ಹಿಂದೆ ಹತ್ತಿದೆ. ಪ್ರತಿ ತಿರುವಿನಲ್ಲೂ ಗೋಡೆಯ ಮೇಲೆ ನನ್ನ ಚಿತ್ರವಿದ್ದ ಜಾಹೀರಾತು ನಗುತ್ತಿತ್ತು. ಎರಡನೇ ಮಹಡಿಯ ನನ್ನ ಚಿತ್ರಕ್ಕೆ ಯಾರೋ ಮೀಸೆ ಬರೆದಿದ್ದಾರೆ.

ನವೆಂಬರ್ 7

ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿ. ಕಾಲು ಮುರಿದಿದೆ. ವಾರ್ಡೆಲ್ಲ ಅವರನ್ನು ಟೀಚರಮ್ಮ ಎನ್ನುತ್ತದೆ. ನನ್ನನ್ನು ಬಹಳ ಹೊತ್ತು ದಿಟ್ಟಿಸಿ, "ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ನಮ್ಮನೆ ನಲ್ಲಿ ರಿಪೇರಿಗೆ ಬಂದಿದ್ರಾ?" ಎಂದರು. ಧರ್ಮಪತ್ನಿ ನೋವಿನಲ್ಲಿದ್ದಾಳೆಂದು ಡಾಕ್ಟರು ಹೇಳಿದ್ದಾರೆ. ಅಷ್ಟು ನೋವಿನಲ್ಲಿರುವವಳು ಹಾಗೆ ಹೊದಿಕೆಯೊಳಗೆ ನಗಬಾರದು.

ಫೋನು ಬೆಳಗಿನಿಂದ ಹೊಡೆದುಕೊಂಡಿಲ್ಲ. ಕೆಟ್ಟಿದೆಯೋ ಏನೋ ಎಂದು ಅವಳ ಫೋನಿನಿಂದ ಕರೆ ಮಾಡಿ ನೋಡಿದೆ. ಹೊಡೆದುಕೊಂಡಿತು.

ನವೆಂಬರ್ 9

ಆಪರೇಷನ್ ಆಯಿತು. ಬಾಗಿಲ ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಯಾರೋ ಚಹಾ ತಂದು ಕೈಗಿಟ್ಟರು. ಮುಖ ನೋಡಲಿಲ್ಲ. ಇವತ್ತು ಇಷ್ಟೇ.

ನವೆಂಬರ್ 12

ಹೊಸ ಸಂಪುಟದ ಪ್ರಮಾಣವಚನ. ಆರೋಗ್ಯ ಖಾತೆ ಯಾರಿಗೆ ಸಿಕ್ಕಿದೆ ಗೊತ್ತೆ? ಸದನದಲ್ಲಿ ನನ್ನ ಎದುರಿನ ಬೆಂಚಿನಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದನಲ್ಲ, ಅವನಿಗೆ. ಅವನ ಆಪ್ತ ಕಾರ್ಯದರ್ಶಿ ಯಾರು ಗೊತ್ತೆ? ನನ್ನ ಆಪ್ತ ಕಾರ್ಯದರ್ಶಿ. ನಾನು ಅವನನ್ನು ಬದಲಾಯಿಸುವ ಮೊದಲು ಅವನೇ ನನ್ನನ್ನು ಬದಲಾಯಿಸಿಕೊಂಡ.

ವಾರ್ಡಿನ ಟೀವಿಯಲ್ಲಿ ಪ್ರಮಾಣವಚನ ನೋಡಬೇಕೆಂದಿದ್ದೆ. ಹೆಡ್ ಸಿಸ್ಟರ್ ಬಂದು, "ಅಟೆಂಡರ್ ಯಾರು ಇವರಿಗೆ? ನೀವಾ? ಬನ್ನಿ, ಹೊರಳಿಸೋದು ಹೇಗೆ ಅಂತ ತೋರಿಸ್ತೀನಿ. ಬೆನ್ನಿಗೆ ಹುಣ್ಣಾದ್ರೆ ನಾನು ನಿಮ್ಮನ್ನೇ ಕೇಳೋದು" ಎಂದರು. ನನ್ನೊಡನೆ ಈ ಧಾಟಿಯಲ್ಲಿ ಮಾತಾಡಿದ್ದು ಮುಖ್ಯಮಂತ್ರಿ ಬಿಟ್ಟರೆ ಈಕೆಯೇ. ಒಂದು ಕೈ ಭುಜದ ಕೆಳಗೆ, ಒಂದು ಕೈ ಮಂಡಿಯ ಕೆಳಗೆ, ದಿಂಬು ಎರಡು ಕಾಲುಗಳ ನಡುವೆ. ಎಳೆಯಬಾರದು, ಉರುಳಿಸಬೇಕು. ಬರೆದಿಟ್ಟುಕೊಂಡರೆ ಒಳ್ಳೆಯದೆಂದು ಇಲ್ಲಿ ಬರೆದಿದ್ದೇನೆ.

ನವೆಂಬರ್ 14

ಇವತ್ತಿನಿಂದ ಅವಳನ್ನು ದಿನಾ ನೆಲಮಹಡಿಯ ವ್ಯಾಯಾಮ ಚಿಕಿತ್ಸೆಯ ಕೋಣೆಗೆ ಕರೆದೊಯ್ಯಬೇಕು. ಹಿಡಿದು ನಡೆಯುವ ಕಂಬಿ, ಯಂತ್ರ ಎಲ್ಲ ಅಲ್ಲೇ ಇರುವುದು. ಇಡೀ ಆಸ್ಪತ್ರೆಗೆ ಇರುವುದು ಒಬ್ಬಳೇ ವ್ಯಾಯಾಮ ಚಿಕಿತ್ಸಕಿ, ಅವಳು ಕೋಣೆ ಬಿಟ್ಟು ಬರುವಂತಿಲ್ಲ. ಉಳಿದ ಹುದ್ದೆಗಳನ್ನು ಯಾಕೆ ತುಂಬಿಲ್ಲ ಎಂದು ಗದರಿದೆ. "ಹಣ ಉಳಿತಾಯ ಅಂತ ನಿಮ್ಮ ಕಾಲದಲ್ಲೇ ಆರ್ಡರ್ ಬಂತಲ್ಲ ಸಾರ್" ಎಂದಳು. ಹುಡುಗಿ ವಾಚಾಳಿ.

ಸ್ಟ್ರೆಚರಿನಲ್ಲಿ ಮೆಟ್ಟಿಲಿಳಿಸಿದರು. ತಿರುವಿನಲ್ಲಿ ತಲೆ ಮೇಲೆ, ಕಾಲು ಕೆಳಗೆ ವಾಲುತ್ತದೆ, ಭಾರವೆಲ್ಲ ಹೊಲಿಗೆ ಹಾಕಿದ ಕಡೆಗೆ ಬೀಳುತ್ತದೆ. ಅವಳು ಕೂಗಲಿಲ್ಲ. ನನ್ನ ಮುಂಗೈ ಹಿಡಿದುಕೊಂಡಿದ್ದಳು. ಈಗ ಬರೆಯುವಾಗಲೂ ಅಲ್ಲಿ ಉಗುರಿನ ಗುರುತು ಕಾಣುತ್ತಿದೆ.

ನವೆಂಬರ್ 15

"ನಾನು ಇನ್ನು ಇಳಿಯಲ್ಲ" ಎಂದಳು. ಅಷ್ಟೇ. ಅವಳು ಹಟ ಮಾಡಿದ್ದನ್ನು ನಾನು ನೋಡಿಲ್ಲ. ಅಥವಾ ಅವಳು ಮಾಡುವಾಗ ನಾನು ಮನೆಯಲ್ಲಿರಲಿಲ್ಲ.

ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದರು. "ಈಗ ನಡೆಸದಿದ್ರೆ ಕೀಲು ಬಿಗಿದುಬಿಡುತ್ತೆ. ಆಮೇಲೆ ಜೀವನಪೂರ್ತಿ ಗಾಲಿಕುರ್ಚಿ."

ಖಾಸಗಿ ಆಸ್ಪತ್ರೆಗೆ ಹೋಗೋಣ ಎಂದೆ. "ಹೋಗೋದಕ್ಕೂ ಇದೇ ಮೆಟ್ಟಿಲು ಇಳೀಬೇಕಲ್ಲ" ಎಂದಳು. ಮತ್ತೆ, "ಟೀಚರಮ್ಮನ್ನೂ ಕರ್ಕೊಂಡು ಹೋಗ್ತೀರಾ? ಆ ಕಿಟಕಿ ಪಕ್ಕದವಳನ್ನ? ಅವರ್ಯಾರೂ ಇಲ್ಲಿಗೆ ಬಂದ ಮೇಲೆ ಕೆಳಗಿಳಿದೇ ಇಲ್ಲ" ಎಂದಳು. ತಿರುಗಿ ನೋಡಿದೆ. ವಾರ್ಡಿನಲ್ಲಿ ಇಷ್ಟು ಜನರಿದ್ದಾರೆಂದು ಗಮನಿಸಿರಲಿಲ್ಲ.

ನವೆಂಬರ್ 16

ಸೂಪರಿಂಟೆಂಡೆಂಟರ ಕೋಣೆಯ ಹೊರಗೆ ಕಾದೆ. ಈ ಕೋಣೆಯ ಹೊರಗೂ ಬೆಂಚಿದೆ ಎಂದು ತಿಳಿದದ್ದು ಇವತ್ತೇ. ಒಂದು ಕಾಲು ಕುಂಟು.

"ಲಿಫ್ಟ್ ರಿಪೇರಿ ಮಾಡಿಸಿ" ಎಂದೆ.

"ರಿಪೇರಿಗೆ ದುಡ್ಡೆಲ್ಲಿದೆ ಸಾರ್? ಹೊಸ ಕಾಮಗಾರಿಗೆ ಮಾತ್ರ ಇರೋದು. ಉದ್ಘಾಟನೆ ಇಲ್ಲದ ಕೆಲಸಕ್ಕೆ ಒಂದು ಬಲ್ಬೂ ಕೊಡಲ್ಲ ಮೇಲಿನವರು. ನಿಮಗೇ ಗೊತ್ತಲ್ಲ."

"ನಾನು ಮುಖ್ಯ ಕಾರ್ಯದರ್ಶಿಗೆ ಹೇಳ್ತೀನಿ."

"ಹೇಳಿ ಸಾರ್." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ತಪ್ಪು ತಿಳೀಬೇಡಿ. ಆ ಲಿಫ್ಟಿನ ಪಕ್ಕ ನಿಮ್ಮ ಕಲ್ಲಿದೆ. ಈಗ ಅದು ಓಡಿದ್ರೆ ಹೆಸರು ಯಾರಿಗೆ ಬರುತ್ತೆ? ನಿಮಗೆ. ಆ ಕಲ್ಲು ಇರೋವರೆಗೂ ಈ ಸರ್ಕಾರದಲ್ಲಿ ಯಾರೂ ಆ ಲಿಫ್ಟಿಗೆ ಕೈ ಹಚ್ಚಲ್ಲ."

ರಾಜಕೀಯ ಎಷ್ಟು ಕೆಳಮಟ್ಟಕ್ಕೆ ಇಳಿದಿದೆ! ನಾವು ಬಂದಾಗ ಹಿಂದಿನವರ ರಕ್ತನಿಧಿ ಕಟ್ಟಡವನ್ನು ಹಾಗೇ ಬಿಟ್ಟಿದ್ದು ನಿಜ. ಆದರೆ ಅದು ತಾತ್ವಿಕ ಭಿನ್ನಾಭಿಪ್ರಾಯ.

ನವೆಂಬರ್ 18

ಎರಡು ದಿನ ಯೋಚಿಸಿದೆ. ಇವತ್ತು ಆಪ್ತ ಕಾರ್ಯದರ್ಶಿಗೆ ಫೋನ್ ಮಾಡಿದೆ. ಎತ್ತಿಕೊಂಡ. ಅಭ್ಯಾಸಬಲ ಇರಬೇಕು.

"ನಿಮ್ಮ ಹೊಸ ಸಾಹೇಬರಿಗೆ ಒಂದು ಉದ್ಘಾಟನೆ ಬೇಕಾ?" ಎಂದೆ. "ಕಟ್ಟೋ ಕೆಲಸ ಇಲ್ಲ. ಕಲ್ಲು ಬದಲಾಯಿಸಿದ್ರೆ ಸಾಕು."

ಅವನಿಗೆ ಅರ್ಥವಾಯಿತು. "ಸಾರ್, ಅದು ನಿಮ್ಮ ಹೆಸರು..."

"ಗೊತ್ತು. ರಾಜ್ಯದಲ್ಲಿ ನನ್ನ ಹೆಸರನ್ನ ತಪ್ಪಿಲ್ಲದೆ ಕೆತ್ತಿದ್ದು ಅದೊಂದೇ ಕಲ್ಲು. ತೆಗೆಸು."

"ಸುಮ್ಮನೆ ತೆಗೆದ್ರೆ ಸೇಡಿನ ರಾಜಕೀಯ ಅಂತಾರೆ ಸಾರ್. ಜನರೇ ಕೇಳಿದ್ರೆ ಬೇರೆ ಮಾತು. ಶುಕ್ರವಾರ ಸಾಹೇಬರು ಆಸ್ಪತ್ರೆಗೆ ದಿಢೀರ್ ಭೇಟಿ ಕೊಡ್ತಾರೆ. ಎಲ್ಲರಿಗೂ ತಿಳಿಸಿದೀವಿ. ಆಗ ಜನ ನಿಮ್ಮ ವಿರುದ್ಧ ಕೂಗಿದ್ರೆ..."

"ಜನಾನ ನಂಗೆ ಬಿಡು" ಎಂದೆ.

ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ: ಇದು ತ್ಯಾಗವಲ್ಲ, ತಂತ್ರ. ವಿರೋಧ ಪಕ್ಷದಲ್ಲಿದ್ದುಕೊಂಡೇ ಸರ್ಕಾರವನ್ನು ನಡೆಸುವುದು ಹೇಗೆ ಎಂಬುದರ ಪ್ರಯೋಗ.

ನವೆಂಬರ್ 19

ಘೋಷಣೆ ಬರೆದೆ. ಪಕ್ಷಕ್ಕೆ ಎಷ್ಟೋ ಬರೆದಿದ್ದೇನೆ, ಇಷ್ಟು ಸಲೀಸಾಗಿ ಯಾವತ್ತೂ ಬಂದಿರಲಿಲ್ಲ.

ಕಲ್ಲಿನ ಮೇಲೆ ಹೆಸರು ದಪ್ಪ,
ಲಿಫ್ಟು ಮಾತ್ರ ನಿಂತಿದೆಯಪ್ಪ!

ಮಧ್ಯಾಹ್ನ ವಾರ್ಡಿನಲ್ಲಿ ತಾಲೀಮು ಇಟ್ಟುಕೊಂಡೆ. ರೋಗಿಗಳು ಹಾಸಿಗೆಯಲ್ಲಿದ್ದುಕೊಂಡೇ ಕೂಗಬೇಕು, ಜೊತೆಗಿರುವವರು ಬಾಗಿಲಲ್ಲಿ ನಿಲ್ಲಬೇಕು. "'ಧಿಕ್ಕಾರ' ಬೇಡ್ವಾ?" ಎಂದು ಟೀಚರಮ್ಮ ಕೇಳಿದರು. ಕೊನೆಯಲ್ಲಿ ಸೇರಿಸೋಣ ಎಂದೆ. "ಮಾಜಿ ಮಂತ್ರಿಗೆ ಧಿಕ್ಕಾರ ಅಂದ್ರೆ ಸಪ್ಪೆ. ಸುಳ್ಳು ಮಂತ್ರಿಗೆ ಅನ್ನಿ" ಎಂದು ತಿದ್ದಿದರು. ನಿಜವಾಗಿಯೂ ಅದೇ ಚೆನ್ನಾಗಿದೆ. ಒಪ್ಪಿಕೊಂಡೆ.

ಮೊದಲ ಸಲ ಕೂಗಿದ್ದು ಕೇಳಿ ನಾಚಿಕೆಯಾಯಿತು. ಯಾವ ಆವೇಶವೂ ಇಲ್ಲ, ಪ್ರಾರ್ಥನೆ ಹೇಳಿದ ಹಾಗೆ. "ಅವನು ನಿಮಗೆ ಮೋಸ ಮಾಡಿದಾನೆ! ನಿಮ್ಮನ್ನ ಮೂರನೇ ಮಹಡೀಲಿ ಬಿಟ್ಟು ಹೋಗಿದಾನೆ! ಹೊಟ್ಟೆಯಿಂದ ಬರ್ಲಿ!" ಎಂದು ನಾನೇ ಕೂಗಿ ತೋರಿಸಿದೆ. ಎರಡನೇ ಸಲ ಕಿಟಕಿಯ ಗಾಜು ಅದುರಿತು.

ಅವಳು ನಗುತ್ತಿದ್ದಳು. ಮುಖ ಮುಚ್ಚಿಕೊಳ್ಳದೆ, ಹೊಲಿಗೆ ಹಾಕಿದ ಕಡೆ ಕೈಯಿಂದ ಒತ್ತಿ ಹಿಡಿದುಕೊಂಡು ನಗುತ್ತಿದ್ದಳು. "ನಿಮ್ಮ ಭಾಷಣಗಳಲ್ಲೆಲ್ಲಾ ಇದೇ ಚೆನ್ನಾಗಿತ್ತು" ಎಂದಳು. "ಉಳಿದದ್ದು?" ಎಂದು ಕೇಳಬಾರದಿತ್ತು. ಕೇಳಿದೆ. "ಉಳಿದದ್ದಕ್ಕೆ ನಾನು ಮನೆಗೆ ಬೇಕಾದ ಸಾಮಾನು ಜ್ಞಾಪಿಸ್ಕೊಳ್ತಾ ಕೂತಿರ್ತಿದ್ದೆ."

ನವೆಂಬರ್ 21

ದಿಢೀರ್ ಭೇಟಿ. ಬೆಳಿಗ್ಗೆಯೇ ಹೊಸ ಹಾಸುಬಟ್ಟೆ ಹಾಸಿದರು, ನೆಲಕ್ಕೆ ಫಿನೈಲು ಸುರಿದರು, ಲಿಫ್ಟಿನಿಂದ ಬಕೆಟ್ಟು ತೆಗೆದರು. ನನ್ನ ಭೇಟಿಗಳ ದಿನವೂ ಆಸ್ಪತ್ರೆ ಇದೇ ವಾಸನೆ ಬರುತ್ತಿತ್ತು. ಆಸ್ಪತ್ರೆಯ ವಾಸನೆಯೇ ಅದು ಎಂದುಕೊಂಡಿದ್ದೆ.

ಹೊಸ ಮಂತ್ರಿ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದ. ಘೋಷಣೆ ಸಿಡಿಯಿತು. ಟೀಚರಮ್ಮ ಊರುಗೋಲಿನಿಂದ ಮಂಚ ಬಡಿದರು. ಕಿಟಕಿ ಪಕ್ಕದವಳ ಅಣ್ಣ ಬಾಗಿಲಲ್ಲಿ ನಿಂತು ಕತ್ತಿನ ನರ ಉಬ್ಬಿಸಿ ಕೂಗಿದ. ನಾನು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿದ್ದೆ. ತಾಳ ತಪ್ಪಬಾರದೆಂದು ನಾನೂ ಸೇರಿಕೊಂಡೆ. "ಸುಳ್ಳು ಮಂತ್ರಿಗೆ ಧಿಕ್ಕಾರ" ಬಂದಾಗ ನನ್ನ ದನಿಯೇ ಎಲ್ಲಕ್ಕಿಂತ ಮೇಲೆ ಕೇಳಿಸಿತಂತೆ. ಅನುಭವ ಎಲ್ಲಿ ಹೋಗುತ್ತದೆ?

ಮಂತ್ರಿ ಕ್ಯಾಮೆರಾ ಕಡೆ ತಿರುಗಿ, "ಹಿಂದಿನ ಸರ್ಕಾರದ ಪಾಪದ ಕಲ್ಲನ್ನ ಇವತ್ತೇ ಕಿತ್ತು ಹಾಕ್ತೀವಿ. ಹತ್ತು ದಿನದಲ್ಲಿ ಲಿಫ್ಟ್!" ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ.

ನವೆಂಬರ್ 25

ಕಲ್ಲು ತೆಗೆಯುವಾಗ ಎರಡು ಹೋಳಾಯಿತು. ನೋಡಲು ಹೋಗಬೇಕೆಂದಿದ್ದೆ. ಅವಳ ತಲೆ ಸಿಕ್ಕಾಗಿತ್ತು, ಬಾಚುವಷ್ಟರಲ್ಲಿ ಹೊತ್ತು ಹೋಯಿತು. ಬುಡದಿಂದ ಬಾಚಬಾರದು, ತುದಿಯಿಂದ ಬಿಡಿಸಿಕೊಂಡು ಬರಬೇಕು. ಆಡಳಿತದಲ್ಲೂ ಇದೇ ತತ್ವ ಅಳವಡಿಸಬಹುದಿತ್ತು.

ರಿಪೇರಿಯವರು ಬಂದಿದ್ದಾರೆ. ಕೆಟ್ಟಿದ್ದು ಅಂಗೈಯಗಲದ ಒಂದು ಭಾಗವಂತೆ.

ಡಿಸೆಂಬರ್ 2

ಎರಡನೇ ಉದ್ಘಾಟನೆ. ಹೊಸ ಕಲ್ಲು ಹಳೆಯದಕ್ಕಿಂತ ದೊಡ್ಡದು. ಇರಲಿ.

ಮೊದಲು ಒಬ್ಬ ರೋಗಿಯನ್ನು ಮಂತ್ರಿಯ ಜೊತೆ ಲಿಫ್ಟಿನಲ್ಲಿ ಇಳಿಸಬೇಕು, ಫೋಟೋಗೆ ಲಕ್ಷಣವಾಗಿರುವವರು ಬೇಕು ಎಂದು ಆಪ್ತ ಕಾರ್ಯದರ್ಶಿ ವಾರ್ಡೆಲ್ಲ ನೋಡಿ ಅವಳನ್ನು ಆರಿಸಿದ. ಎಷ್ಟೋ ಸಲ ಮನೆಗೆ ಬಂದು ಅವಳ ಕೈಯಲ್ಲಿ ಕಾಫಿ ಕುಡಿದವನು, ಅವಳು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತು. ಮಂತ್ರಿಗೆ ಗೊತ್ತಿಲ್ಲ. ಆಪ್ತ ಕಾರ್ಯದರ್ಶಿ ನನ್ನ ಕಡೆ ನೋಡದೆ ಗಾಲಿಕುರ್ಚಿ ತರಿಸಿದ. ಅವನನ್ನು ಬದಲಾಯಿಸದೆ ಇದ್ದದ್ದೇ ಒಳ್ಳೆಯದಾಯಿತು.

ಇವತ್ತೂ ಮಾಸ್ಕು ಕಟ್ಟಿಕೊಂಡಿದ್ದೆ. ಭದ್ರತೆಯವರು ನನ್ನನ್ನು ಹಗ್ಗದಾಚೆ ನಿಲ್ಲಿಸಿದರು. "ಫೋಟೋದಲ್ಲಿ ಜಾಸ್ತಿ ಜನ ಬೇಡ." ಲಿಫ್ಟಿನ ಬಾಗಿಲು ತೆರೆಯಿತು. ಅವಳು ಕುರ್ಚಿಯ ಬ್ರೇಕು ಹಾಕಿಕೊಂಡಳು.

"ನನ್ನ ಜೊತೆಯವರು ಬರ್ಬೇಕು" ಎಂದಳು.

"ನಾವಿದೀವಲ್ಲಮ್ಮ, ಇಡೀ ಸರ್ಕಾರವೇ ನಿಮ್ಮ ಜೊತೆಗಿದೆ" ಎಂದ ಮಂತ್ರಿ.

"ಸರ್ಕಾರಕ್ಕೆ ನನ್ನನ್ನ ಎತ್ತಿ ಕೂರಿಸೋಕೆ ಬರಲ್ಲ. ಇವರಿಗೆ ಬರುತ್ತೆ."

ಕ್ಯಾಮೆರಾಗಳು ಓಡುತ್ತಿದ್ದವು. ಹಗ್ಗ ಎತ್ತಿದರು. ನಾನು ಹೋಗಿ ಬ್ರೇಕು ತೆಗೆದು ಕುರ್ಚಿ ತಳ್ಳಿದೆ. ಒಳಗೆ ಮಂತ್ರಿ ನನ್ನ ಮುಖವನ್ನೇ ನೋಡಿದ. ಮಾಸ್ಕಿನ ಮೇಲಿನ ಕಣ್ಣಿನ ಗುರುತು ಸಿಕ್ಕಿರಬೇಕು. ಕೆಳಗೆ ತಲುಪುವವರೆಗೂ ಇಬ್ಬರೂ ಬಾಗಿಲ ಮೇಲೆ ಬದಲಾಗುವ ಅಂಕಿಯನ್ನೇ ನೋಡಿದೆವು. ನೆಲಮಹಡಿ ಬಂದಾಗ ಅವನು ಮೆಲ್ಲಗೆ, "ಇದು ಓಡುತ್ತೆ ತಾನೆ, ನಾಳೆಯೂ?" ಎಂದು ಕೇಳಿದ.

"ನೀವು ಆಗಾಗ ಬರ್ತಿದ್ರೆ ಓಡುತ್ತೆ" ಎಂದೆ.

ಸಂಜೆಯೊಳಗೆ ಟೀಚರಮ್ಮ, ಕಿಟಕಿ ಪಕ್ಕದವಳು, ಎಲ್ಲರೂ ಕೆಳಗೆ ಹೋಗಿ ಬಂದರು. ಟೀಚರಮ್ಮ ಕೆಲಸವಿಲ್ಲದೆಯೂ ಇನ್ನೊಮ್ಮೆ ಹೋದರು.

ಡಿಸೆಂಬರ್ 3

ಎಲ್ಲ ಪತ್ರಿಕೆಗಳಲ್ಲೂ ಫೋಟೋ ಬಂದಿದೆ. ಮಂತ್ರಿ, ಅವಳು, ಕುರ್ಚಿಯ ಹಿಡಿಯ ಮೇಲೆ ನನ್ನ ಎರಡು ಕೈ, ಅರ್ಧ ಮುಖ. ಕೆಳಗೆ 'ರೋಗಿಯೊಂದಿಗೆ ಸಚಿವರು ಹಾಗೂ ಆಸ್ಪತ್ರೆಯ ಸಿಬ್ಬಂದಿ' ಎಂದಿದೆ. ಸಂಪಾದಕರಿಗೆ ಖಾರವಾಗಿ ಬರೆಯಬೇಕೆಂದು ಕೂತೆ. ಅಷ್ಟರಲ್ಲಿ ಅವಳ ವ್ಯಾಯಾಮದ ಸರದಿ ಬಂತು.

ಡಿಸೆಂಬರ್ 11

ಕಂಬಿ ಬಿಟ್ಟು ನಿಂತಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಕಿಟಕಿಯವರೆಗೆ ಹೋದಳು. ಹೊರಗೆ ನೋಡುತ್ತ ನಿಂತಳು. ಅಲ್ಲಿ ಸ್ಕೂಟರು ನಿಲ್ಲಿಸುವ ಜಾಗ ಬಿಟ್ಟರೆ ಏನೂ ಇಲ್ಲ. ಬಹಳ ಹೊತ್ತು ನೋಡಿದಳು.

ಮೈದಾನ ತುಂಬಿ ತುಳುಕುವ ಸಭೆಗಳನ್ನು ಕಂಡವನು ನಾನು. ಆದರೂ ಅವಳ ಪಕ್ಕ ನಿಂತು ಆ ಸ್ಕೂಟರುಗಳನ್ನು ಎಣಿಸಿದೆ.

ಡಿಸೆಂಬರ್ 20

ನಮ್ಮ ಸ್ವಂತ ಮನೆಗೆ ಬಂದು ನಾಲ್ಕೈದು ದಿನವಾಯಿತು. ಬೆಳಿಗ್ಗೆ ಪಕ್ಷದ ಅಧ್ಯಕ್ಷರ ಫೋನು. ಸೋಲಿನ ಕಾರಣ ಹುಡುಕಲು ಚಿಂತನಾ ಸಭೆಯಂತೆ, ಗುಡ್ಡದ ಮೇಲಿನ ರೆಸಾರ್ಟಿನಲ್ಲಿ, ಮೂರು ದಿನ. "ನೀವಿಲ್ಲದಿದ್ರೆ ಹೇಗೆ? ಮುಂದಿನ ಸಲಕ್ಕೆ ದೊಡ್ಡ ಜವಾಬ್ದಾರಿ ಇದೆ ನಿಮಗೆ."

"ಇವತ್ತು ಆಗಲ್ಲ. ಇವತ್ತು ಬೀದಿ ಕೊನೇವರೆಗೂ ಹೋಗ್ಬೇಕು" ಎಂದೆ.

"ಪಾದಯಾತ್ರೆನಾ? ಒಬ್ರೇನಾ? ಪಕ್ಷಕ್ಕೆ ಹೇಳದೆ?" ಎಂದು ಗಾಬರಿಯಾದರು. ವಿವರಿಸಲು ಹೋಗಲಿಲ್ಲ. ಸ್ವಲ್ಪ ಕಾಯಲಿ, ಬೆಲೆ ಏರುತ್ತದೆ.

ಸಂಜೆ ಹೊರಟೆವು. ಅವಳ ಕೈಯಲ್ಲಿ ಊರುಗೋಲು, ನನ್ನ ಕೈಯಲ್ಲಿ ನೀರಿನ ಬಾಟಲಿ ಮತ್ತು ಮಡಚುವ ಕುರ್ಚಿ. ಅಂಗಡಿಯ ಮುಂದಿದ್ದವರು ನಮ್ಮನ್ನು ನೋಡಿ ಕೈ ಬೀಸಿದರು. ನಾನು ಕುರ್ಚಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಬೀಸಿದೆ. "ಅಮ್ಮಾ, ನಡೀತಿದೀರಾ! ಶಭಾಷ್!" ಎಂದು ಕೂಗಿದರು. ಅವಳು ನಿಂತು ಎಲ್ಲರ ಮನೆಯ ಸಮಾಚಾರ ಕೇಳಿದಳು, ಯಾರ ಮಗಳಿಗೆ ಹೆರಿಗೆ, ಯಾರ ತಮ್ಮನಿಗೆ ಕೆಲಸ ಹೋಯಿತು, ಎಲ್ಲ ಅವಳಿಗೆ ಗೊತ್ತು. ನನ್ನ ಪರಿಚಯ ಮಾಡಿಕೊಟ್ಟಳು.

ಅಲ್ಲಿಂದ ಮುಂದಕ್ಕೆ ಅವಳು ನಿಧಾನವಾಗಿ ನಡೆದಳು. ನಾನು ಒಂದು ಹೆಜ್ಜೆ ಹಿಂದೆ ನಡೆದೆ. ಭದ್ರತೆಯ ದೃಷ್ಟಿಯಿಂದ ಅದೇ ಸರಿಯಾದ ಜಾಗ.